ಮಗ್ಗದ ಖೋಲಿಯಲ್ಲಿ ಆರು ಕಾರ್ಡು

ಹೋದ ತಿಂಗಳು ನಮ್ಮ ಕಾಲೇಜಿನ ಹುಡುಗಿಯರನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಗುಹೆಗಳನ್ನು ನೋಡಿ ಮೆಟ್ಟಿಲಿಳಿದು, ಊಟಕ್ಕೆಂದು ಬಸ್ ನಿಲ್ದಾಣದ ಕಡೆ ನಡೆಯುವಾಗ ಒಂದು ಲಾಡ್ಜಿನ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಲಾಡ್ಜಿಗೆ ಹೊಸ ಬಣ್ಣ ಬಳಿದಿದ್ದರು. ಹೊರಗೆ ಮಹಾರಾಷ್ಟ್ರದ ನಂಬರಿನ ಎರಡು ಬಸ್ಸು ನಿಂತಿದ್ದವು. ಕೌಂಟರಿನ ಹಿಂದೆ ಹಳೆಯ ಟೇಬಲ್ ಫ್ಯಾನೊಂದು ತಿರುಗುತ್ತಿತ್ತು. ಅದರ ಮೋಟಾರು ಕಾದು, ಒಳಗಿನ ಧೂಳು ಕಮರಿದಂಥ ವಾಸನೆ ಬಾಗಿಲ ತನಕ ಬರುತ್ತಿತ್ತು.

"ಮಿಸ್, ಏನಾತ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ಏನಿಲ್ಲ, ನಡೀರಿ," ಎಂದೆ.

ಆ ವಾಸನೆಯಲ್ಲಿ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಆ ಬೇಸಿಗೆಯಲ್ಲಿ ನಾನು ಮಾಡಿದ್ದನ್ನು ಮನೆಯ ಇಬ್ಬರನ್ನು ಬಿಟ್ಟರೆ ಬೇರೆ ಯಾರಿಗೂ ಇದ್ದದ್ದು ಇದ್ದಂತೆ ಹೇಳಿಲ್ಲ. ಕೇಳಿದವರಿಗೆಲ್ಲ ಸ್ವಲ್ಪ ತಿದ್ದಿ ಹೇಳಿದ್ದೇನೆ.

ಕೊರೊನಾದ ಎರಡನೆಯ ಅಲೆ ಇಳಿದ ಮೇಲಿನ ವರ್ಷ ಅದು. ಇಳಕಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕಿ. ತರಗತಿಗಳು ಅರ್ಧಕ್ಕೆ ಇಳಿದಿದ್ದವು, ಅವುಗಳ ಜೊತೆ ಸಂಬಳವೂ ಇಳಿದಿತ್ತು. ನನ್ನ ಗಂಡ ಮಹಾಂತೇಶ ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಮೇಸ್ತ್ರಿ. ಅಲ್ಲಿಯೂ ವಾರದಲ್ಲಿ ಮೂರೇ ದಿನ ಮಷಿನ್ ಓಡುತ್ತಿದ್ದವು. ಇಡೀ ಎರಡು ವರ್ಷ ಒಂದು ದಿನವೂ ಕೆಲಸ ನಿಲ್ಲದೆ ದುಡಿದವರೆಂದರೆ ನಮ್ಮ ಅತ್ತೆ ನಾಗವ್ವ.

ಅತ್ತೆಯ ಮಗ್ಗ ಮನೆಯ ಹಿಂದಿನ ಖೋಲಿಯಲ್ಲಿತ್ತು. ನೆಲದಲ್ಲಿ ತೆಗ್ಗು ತೋಡಿ ಅದರ ಮೇಲೆ ಕೂಡಿಸಿದ ಕೈಮಗ್ಗ ಅದು. ತೆಗ್ಗಿನ ಅಂಚಿಗೆ ಕುಳಿತು, ಕಾಲು ಕೆಳಗೆ ಬಿಟ್ಟು, ತುಳಿಯುತ್ತ ನೇಯಬೇಕು. ಖೋಲಿಗೆ ಮೊಳಕ್ಕಿಂತ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ನೆಲ, ಸಣ್ಣದೊಂದು ಕಿಟಕಿ. ಏಪ್ರಿಲ್ ತಿಂಗಳಲ್ಲೂ ಅಲ್ಲಿ ಕಾಲಿಟ್ಟರೆ ಪಾದಕ್ಕೆ ತಣ್ಣಗಾಗುತ್ತಿತ್ತು. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಆ ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಿ ಅತ್ತೆಯ ಬೆರಳಿಗೆ ಸಮನಾದವರು ನಮ್ಮ ಓಣಿಯಲ್ಲಿ ಇರಲಿಲ್ಲ. ನನ್ನ ಜೊತೆ ಮಾತಾಡುತ್ತ, ಒಲೆಯ ಮೇಲಿನ ಸಾರು ಉಕ್ಕಿದ್ದನ್ನು ಅಲ್ಲಿಂದಲೇ ಕೇಳಿಸಿಕೊಂಡು ನನ್ನನ್ನು ಎಚ್ಚರಿಸುತ್ತ, ಕೈಯ ಕಡೆ ನೋಡದೆ ಕೊಂಡಿ ಹಾಕುತ್ತಿದ್ದರು.

ಆನ್‌ಲೈನ್ ಕ್ಲಾಸಿಗೆಂದು ನಾನು ಕೊಂಡ ಕಂಪ್ಯೂಟರಿನಲ್ಲಿ ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡು ಇತ್ತು. ಅದರಿಂದ ಈಥರ್ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ ಮಾಡಬಹುದೆಂದು ಎಲ್ಲೋ ಓದಿದೆ. ಜಗತ್ತಿನ ಯಾವುದೋ ಮೂಲೆಯ ಜನ ಆ ನಾಣ್ಯದಲ್ಲಿ ವ್ಯವಹಾರ ಮಾಡುತ್ತಾರೆ. ಅದರ ಲೆಕ್ಕ ಸರಿಯಿದೆಯೆಂದು ಖಾತ್ರಿ ಮಾಡುವ ಕೆಲಸದಲ್ಲಿ ನಮ್ಮ ಕಂಪ್ಯೂಟರೂ ಸೇರಿಕೊಂಡರೆ, ನಮಗೆ ಆ ನಾಣ್ಯದ ಒಂದು ಚೂರು ಸಿಗುತ್ತದೆ. ಇಷ್ಟೇ ವಿಷಯ. ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಅದನ್ನು ಆ ಕೆಲಸಕ್ಕೆ ಹಚ್ಚಿದೆ. ಒಂದೂವರೆ ತಿಂಗಳಿಗೆ ನಮ್ಮ ಮನೆಯ ಮೂರು ಫೋನಿನ ರಿಚಾರ್ಜ್ ಆಗುವಷ್ಟು ಬಂತು. ಮಹಾಂತೇಶ ಫೋನಿನಲ್ಲಿ ಬ್ಯಾಂಕಿನ ಸಂದೇಶವನ್ನು ಎರಡು ಸಲ ಓದಿದ.

ಗ್ರಾನೈಟ್ ಊರಿನಲ್ಲಿ ಮೈನಿಂಗ್ ಎಂದರೆ ಒಂದೇ ಅರ್ಥ. ಫ್ಯಾಕ್ಟರಿಯಲ್ಲಿ ಅವನ ಗೆಳೆಯರು, "ನಿನ್ನ ಹೆಂಡ್ತಿ ಮೈನಿಂಗ್ ಹಚ್ಯಾಳಂತಲ್ಲೋ, ಯಾವ ಗುಡ್ಡದಾಗ?" ಎಂದು ನಗುತ್ತಿದ್ದರಂತೆ. ಅತ್ತೆಗೆ ಮಾತ್ರ ನಗು ಬರಲಿಲ್ಲ. ಒಂದು ದಿನ ಕಂಪ್ಯೂಟರಿನ ಮುಂದೆ ಬಂದು ಕುಳಿತು, ಫ್ಯಾನು ತಿರುಗುವುದನ್ನೇ ನೋಡಿದರು.

"ಕುಂತಲ್ಲೇ ದುಡೀತೈತೇನ ಇದು?"

"ಹೌದ್ರಿ ಅತ್ತಿ."

"ಏನ ನೇಯ್ತೈತಿ?"

"ಏನೂ ನೇಯಂಗಿಲ್ರಿ. ಲೆಕ್ಕಾ ಮಾಡ್ತೈತಿ."

"ಯಾರ ಲೆಕ್ಕಾ?"

ನಾನು ಹೇಳಲು ಹೊರಟಾಗ ಅವರೇ, "ಇರ್ಲಿ ಬಿಡವಾ, ನೀ ಸಾಲಿ ಕಲ್ತಾಕಿ, ನಿನಗ ತಿಳಿದಿರ್ತೈತಿ," ಎಂದು ಎದ್ದು ಹೋದರು.

ಅಲ್ಲಿಂದ ನನ್ನ ತಲೆಯಲ್ಲಿ ಒಂದೇ ವಿಚಾರ ಸುತ್ತತೊಡಗಿತು. ಒಂದು ಕಾರ್ಡಿನಿಂದ ಇಷ್ಟು ಬಂದರೆ ಎರಡರಿಂದ ಎಷ್ಟು? ಹೊಸ ಕಾರ್ಡು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಸ್ಕೂಟಿಗೆಂದು ಕೂಡಿಟ್ಟ ಸ್ವಲ್ಪ ಹಣವಿತ್ತು. ಅಷ್ಟರಲ್ಲೇ ಮಾಡಬೇಕು ಎಂದು ಹಟ ಹಿಡಿದೆ. ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಗಳನ್ನು ಎರಡು ದಿನ ಸುತ್ತಿ ಬಳಸಿದ ಕಾರ್ಡೊಂದನ್ನು, ದೊಡ್ಡ ಪವರ್ ಸಪ್ಲೈಯನ್ನು ಹುಡುಕಿ ಕೊಂಡೆ. ಕಾವು ಹೊರಹಾಕಲೆಂದು ಕಾರ್ಡಿನ ಒಳಗೆ ಹಚ್ಚಿದ್ದ ಪೇಸ್ಟ್ ಒಣಗಿತ್ತು, ಅದನ್ನು ಕೆರೆದು ಹೊಸದನ್ನು ಹಚ್ಚಿದೆ. ಕರೆಂಟು ಕಡಿಮೆ ಎಳೆಯುವಂತೆ ಒಂದೊಂದೇ ಹೆಜ್ಜೆ ಇಳಿಸುತ್ತ, ಎಲ್ಲಿ ಯಂತ್ರ ಹ್ಯಾಂಗ್ ಆಗುತ್ತದೋ ಅದಕ್ಕಿಂತ ಒಂದು ಹೆಜ್ಜೆ ಮೇಲೆ ನಿಲ್ಲಿಸಿದೆ. ಮಹಾಂತೇಶ ಫ್ಯಾಕ್ಟರಿಯಲ್ಲಿ ಉಳಿದ ಕಬ್ಬಿಣದ ಪಟ್ಟಿಗಳನ್ನು ವೆಲ್ಡ್ ಮಾಡಿಸಿ ರ‍್ಯಾಕ್ ತಂದುಕೊಟ್ಟ. ನಮ್ಮ ಓಣಿಯ ವೈರ್‌ಮನ್ ರಾಜೇಸಾಬರು ಬಂದು ಗೋಡೆಯ ವೈರನ್ನು ಮುಟ್ಟಿ ನೋಡಿ, "ಈ ಹಳೇ ವೈರ್ ಇದನ್ನ ತಡಿಯಂಗಿಲ್ರಿ ಬಾಯಾರ. ಮೀಟರಿನಿಂದ ಬ್ಯಾರೇ ಲೈನ್ ಎಳೀತೇನಿ. ಅರ್ಥಿಂಗ್ ಹಾಕ್ದ ಚಾಲೂ ಮಾಡಬ್ಯಾಡ್ರಿ," ಎಂದು ಎರಡು ದಿನ ಕೆಲಸ ಮಾಡಿದರು.

ಅದೆಲ್ಲ ನನಗೆ ಬಹಳ ಖುಷಿ ಕೊಟ್ಟ ದಿನಗಳು. ಸುಳ್ಳು ಹೇಳಲಾರೆ. ಐದು ವರ್ಷ ಹಲಗೆಯ ಮೇಲೆ ಬರೆದು ಕಲಿಸಿದ್ದು ಮೊದಲ ಸಲ ನನ್ನ ಕೈಯಲ್ಲಿ ಜೀವ ತಳೆದಿತ್ತು.

ಯಂತ್ರವನ್ನು ಮೊದಲು ಮಲಗುವ ಖೋಲಿಯಲ್ಲಿ ಇಟ್ಟೆವು. ಶಿವರಾತ್ರಿ ಕಳೆಯುತ್ತಲೇ ಅಲ್ಲಿ ಇರಲಿಕ್ಕೆ ಆಗದಂತಾಯಿತು. ಮೇಲೆ ಆರ್‌ಸಿಸಿಯ ಕಾವು, ಕೆಳಗೆ ಕಾರ್ಡುಗಳ ಕಾವು. ಆಗ ಅತ್ತೆಯೇ, "ನನ್ನ ಖೋಲ್ಯಾಗ ಮೂಲಿಗೆ ಇಡ್ರಿ. ಅಲ್ಲಿ ತಂಪೈತಿ," ಎಂದರು. ಜನರಿಗೆ ನಾನು ಹೇಳುತ್ತ ಬಂದದ್ದು ಇದನ್ನೇ. "ನಮ್ಮ ಅತ್ತಿನ ಜಾಗಾ ಕೊಟ್ರು" ಎನ್ನುತ್ತೇನೆ. ಅವರು ಕೊಟ್ಟದ್ದು ಒಂದು ಮೂಲೆ.

ಒಂದೇ ಖೋಲಿಯಲ್ಲಿ ಮಗ್ಗವೂ ಯಂತ್ರವೂ ಹದಿನೈದು ದಿನ ಕೂಡಿ ಬಾಳಿದವು. ಆಮೇಲೆ ಎಳೆ ಹರಿಯತೊಡಗಿತು. ನೂಲಿಗೆ ತೇವ ಬೇಕು. ಅದಕ್ಕೇ ನೇಕಾರರು ತೆಗ್ಗಿನ ಗೋಡೆಗೆ ನೀರು ಚಿಮುಕಿಸುತ್ತಾರೆ, ಕಿಟಕಿಗೆ ಹಸಿ ಗೋಣಿ ಕಟ್ಟುತ್ತಾರೆ. ಯಂತ್ರಕ್ಕೆ ಒಣ ಗಾಳಿ ಬೇಕು. ಅತ್ತೆ ನೀರು ಚಿಮುಕಿಸುವುದನ್ನು ಕಂಡು ನಾನು ಓಡಿ ಹೋದೆ.

"ಅತ್ತೀ, ಇಲ್ಲೆ ನೀರ ಹೊಡೀಬ್ಯಾಡ್ರಿ. ಕಾರ್ಡ ಸುಟ್ಟ ಹೋಗ್ತಾವ."

"ಹೊಡೀಲಿಲ್ಲಂದ್ರ ಎಳಿ ನಿಂದ್ರಂಗಿಲ್ಲವಾ."

"ಸ್ವಲ್ಪ ದಿನಾ ನೋಡ್ರಿ."

ಅವರು ತಂಬಿಗೆಯನ್ನು ಹೊರಗೆ ಇಟ್ಟರು. ಆ ದಿನದಿಂದ ಒಂದು ಸೀರೆಗೆ ಹಿಡಿಯುವ ದಿನಗಳು ಹೆಚ್ಚಾದವು. ಹರಿದ ಎಳೆಯನ್ನು ಹುಡುಕಿ ಗಂಟು ಹಾಕಿ ಮತ್ತೆ ತುಳಿಯುವುದು, ಮತ್ತೆ ನಿಲ್ಲುವುದು. ಹತ್ತಿಯ ತುಪ್ಪಳ ಹಾರಿ ನನ್ನ ಫ್ಯಾನುಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಾನು ದಿನಾ ಬೆಳಿಗ್ಗೆ ಬ್ರಷ್ ಹಿಡಿದು ಅದನ್ನು ತೆಗೆಯುವಾಗ ಮುಖ ಗಂಟು ಹಾಕುತ್ತಿದ್ದೆ. ಅತ್ತೆ ಅದನ್ನು ನೋಡುತ್ತಿದ್ದರು. ಒಂದು ವಾರ, ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾವಕಾರರು ಸೀರೆಯೊಂದನ್ನು ದೋಷವಿದೆಯೆಂದು ತಿರುಗಿ ಕೊಟ್ಟರು. ಮದುವೆಯಾಗಿ ಆ ಮನೆಗೆ ಬಂದ ಏಳು ವರ್ಷದಲ್ಲಿ ಅತ್ತೆಯ ಸೀರೆ ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಅವರು ಅದನ್ನು ಮಡಿಸಿ ಟ್ರಂಕಿನ ತಳದಲ್ಲಿಟ್ಟರು.

ಯುಗಾದಿ ಕಳೆದ ವಾರ ಬಾದಾಮಿಯಿಂದ ಒಂದು ಫೋನು ಬಂತು. ಅಲ್ಲಿ ಲಾಡ್ಜ್ ನಡೆಸುವ ಅಶೋಕ ಎನ್ನುವವರು. ನಾನು ಕಾರ್ಡು ಹುಡುಕುತ್ತಿದ್ದೇನೆಂದು ನವನಗರದ ಅಂಗಡಿಯವರು ಹೇಳಿದ್ದರಂತೆ. ಪ್ರವಾಸಿಗರಿಲ್ಲದ ಎರಡು ವರ್ಷ ಖಾಲಿ ಖೋಲಿಗಳಲ್ಲಿ ಅವರೂ ಮೈನಿಂಗ್ ಮಾಡಿದ್ದರು. ಈಗ ನಾಲ್ಕು ಕಾರ್ಡುಗಳನ್ನು ಒಟ್ಟಿಗೆ ಮಾರುತ್ತೇನೆ ಎಂದರು. ಹೇಳಿದ ಬೆಲೆ ಕೇಳಿ ನನಗೆ ನಂಬಿಕೆಯೇ ಆಗಲಿಲ್ಲ. ಮಹಾಂತೇಶನಿಗೆ ಅಂದು ಡ್ಯೂಟಿ ಇತ್ತು. ಸ್ಕೂಟಿಯ ಹಣದಲ್ಲಿ ಉಳಿದದ್ದನ್ನೆಲ್ಲ ತೆಗೆದುಕೊಂಡು ಒಬ್ಬಳೇ ಹೋದೆ.

ಲಾಡ್ಜಿನ ಮೇಲಿನ ಮಹಡಿಯ ಖೋಲಿಯಲ್ಲಿ ಮಂಚ ಗೋಡೆಗೆ ಸರಿಸಿ ಕಾರ್ಡುಗಳನ್ನು ಸಾಲಾಗಿ ಇಟ್ಟಿದ್ದರು. ಕಿಟಕಿಯ ಸರಳಿನ ಆಚೆ ಒಂದು ಮಂಗ ಮರಿಯನ್ನು ಅವಚಿಕೊಂಡು ಒಳಗೆ ನೋಡುತ್ತ ಕುಳಿತಿತ್ತು. ಅಶೋಕ ಐವತ್ತು ದಾಟಿದ, ತೆಳ್ಳಗಿನ, ನಿಧಾನ ಮಾತಿನ ಮನುಷ್ಯ. ಒಂದೊಂದು ಕಾರ್ಡನ್ನೂ ಹಚ್ಚಿ ತೋರಿಸಿದರು. ಎಲ್ಲ ಚೆನ್ನಾಗಿದ್ದವು. ಹಳೆಯ ಟವೆಲ್ಲುಗಳಲ್ಲಿ ಅವರೇ ಸುತ್ತಿ ಕೊಡುವಾಗ ತಲೆ ಎತ್ತಿ ಕೇಳಿದರು.

"ನಾ ಯಾಕ ಮಾರಾಕತ್ತೇನಿ ಅಂತ ನೀವು ಕೇಳಲೇ ಇಲ್ಲಲ್ರಿ ಮೇಡಂ."

"ಗಿರಾಕಿ ಬರಾಕ ಹತ್ಯಾರಲ್ರಿ. ಖೋಲಿ ಬೇಕಾಗಿರ್ತಾವ."

"ಅದೂ ಖರೆ. ಆದ್ರ ಅದೊಂದ ಅಲ್ರಿ. ಇನ್ನ ನಾಕೈದ ತಿಂಗಳದಾಗ ಈ ನಾಣ್ಯಕ್ಕ ನಮ್ಮಂಥವರ ಮಷಿನ್ನ ಬೇಕಾಗಂಗಿಲ್ಲ. ಲೆಕ್ಕಾ ಮಾಡೂ ಪದ್ಧತೀನ ಬದಲಿ ಮಾಡಾಕತ್ಯಾರ."

ಅದನ್ನು ನಾನೂ ಓದಿದ್ದೆ. "ಹಂಗಂತ ಎಷ್ಟೋ ವರ್ಷದಿಂದ ಹೇಳಕೋತ ಬಂದಾರ್ರಿ. ಪ್ರತಿ ಸಲಾ ಮುಂದ ಹಾಕ್ತಾರ," ಎಂದೆ.

"ಈ ಸಲಾ ಹಾಕಂಗಿಲ್ರಿ. ಮಾರಾಂವ ನಾನಾಗಿ ನಾ ಹಿಂಗ ಹೇಳಬಾರದು. ಆದ್ರ ನಾಳೆ ನೀವು ನನ್ನ ಬೈಬಾರದು ನೋಡ್ರಿ. ಮನ್ಯಾಗ ಹೇಳ್ರಿ, ವಿಚಾರ ಮಾಡ್ರಿ. ನಾ ಎರಡ ದಿನಾ ಯಾರಿಗೂ ಕೊಡಂಗಿಲ್ಲ."

ಎರಡು ದಿನ ಬೇಡ, ಎರಡು ನಿಮಿಷವೂ ನಾನು ನಿಲ್ಲಲಿಲ್ಲ. ಹಣ ಎಣಿಸಿ ಕೊಟ್ಟು ಚೀಲ ಎತ್ತಿಕೊಂಡೆ. ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಮುಕ್ಕಾಲು ಗಂಟೆ ಕಾಯಬೇಕಾಯಿತು. ಚೀಲ ತೊಡೆಯ ಮೇಲೆ, ಫೋನು ಕೈಯಲ್ಲಿ. ಮಹಾಂತೇಶನಿಗೆ ಹಚ್ಚಿ ಅಶೋಕರ ಮಾತನ್ನು ಹೇಳಬಹುದಿತ್ತು. ಹೇಳಿದರೆ ಅವನು ತಿರುಗಿ ಕೊಟ್ಟು ಬಾ ಎನ್ನುತ್ತಾನೆಂದು ನನಗೆ ಗೊತ್ತಿತ್ತು. ಫೋನನ್ನು ಪರ್ಸಿನೊಳಗೆ ಇಟ್ಟೆ.

ಮನೆಯಲ್ಲಿ ಹೇಳಿದ್ದು, "ಭಾಳ ಸಸ್ತಾ ಸಿಕ್ಕಾವ" ಎಂದಷ್ಟೇ.

ಆರು ಕಾರ್ಡು ಒಟ್ಟಿಗೆ ಓಡಬೇಕಾದರೆ ಒಂದು ಮೂಲೆ ಸಾಲದು. ದೊಡ್ಡ ರ‍್ಯಾಕ್ ಬೇಕು, ಗೋಡೆಯಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನು ಬೇಕು, ತುಪ್ಪಳ ಇರಬಾರದು, ತೇವ ಇರಬಾರದು. ಅಂದರೆ ಮಗ್ಗ ಇರಬಾರದು. ಮರುದಿನ ಮಧ್ಯಾಹ್ನ ಅತ್ತೆ ಹರಿದ ಎಳೆಗೆ ಗಂಟು ಹಾಕುತ್ತಿದ್ದಾಗ ಹೋಗಿ ತೆಗ್ಗಿನ ಬದಿಯಲ್ಲಿ ಕುಳಿತೆ.

"ಅತ್ತೀ, ಎಳಿ ಹಿಂಗ ಹರಕೋತ ಇದ್ರ ನಿಮಗೂ ತ್ರಾಸಲ್ರಿ. ಸಾವಕಾರ್ರೂ ಸೀರಿ ತಿರುಗಿ ಕೊಟ್ರು. ಸ್ವಲ್ಪ ದಿನಾ ಮಗ್ಗ ಬಿಚ್ಚಿ ಇಡೂಣೇನ್ರಿ? ಒಂದ ವರ್ಷ ಮಷಿನ್ ದುಡೀಲಿ. ಆಮ್ಯಾಲ ಹಿತ್ತಲದಾಗ ಒಂದ ಖೋಲಿ ಕಟ್ಟಸೂಣು, ನಿಮ್ಮ ಮಗ್ಗಕ್ಕಂತನ."

ಎಳೆ ಹರಿಯುವಂತೆ ಮಾಡಿದವಳು ನಾನು. ಎಳೆ ಹರಿಯುತ್ತದೆಂದು ಮಗ್ಗ ಬಿಚ್ಚಲು ಹೇಳಿದವಳೂ ನಾನೇ. ಅತ್ತೆ ಗಂಟು ಹಾಕುವುದನ್ನು ಮುಗಿಸಿ ಕೇಳಿದರು.

"ಒಂದ ವರ್ಷ ಅಂದೆಲ್ಲ?"

"ಹೌದ್ರಿ."

"ಈ ಹಾಸು ಮುಗೀಲಿ. ಇನ್ನೆರಡ ಸೀರಿ ಅಕ್ಕಾವ."

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು. ಆಗಿನ ವೇಗದಲ್ಲಿ ಎರಡು ಸೀರೆಗೆ ಮೂರು ವಾರ ಹಿಡಿಯುತ್ತಿತ್ತು. ನನಗೆ ಲಾಡ್ಜಿನ ಮಾತು ಎದೆಯಲ್ಲಿ ಕುಟ್ಟುತ್ತಿತ್ತು. ಇರುವ ನಾಲ್ಕೈದು ತಿಂಗಳಲ್ಲಿ ಮೂರು ವಾರ ಹೋದರೆ ಏನು ಉಳಿಯುತ್ತದೆ?

"ಈಗ ರೇಟ್ ಚಲೋ ಐತ್ರಿ ಅತ್ತಿ. ಒಂದೊಂದ ದಿನಾನೂ..." ಎಂದು ಅರ್ಧಕ್ಕೆ ನಿಲ್ಲಿಸಿದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಆತು. ನೀ ನೋಡೇ ಮಾಡ್ತಿ," ಎಂದರು.

ಮರುದಿನ ಅವರೇ ಹಾಸನ್ನು ಕತ್ತರಿಸಿದರು. ಕೈಮಗ್ಗದಲ್ಲಿ ಒಂದು ಹಾಸು ಮುಗಿದರೆ ಅದರ ತುದಿಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಹೊಸೆದು ಕೂಡಿಸುತ್ತಾರೆ. ಹಾಗಾಗಿ ನಡೆಯುವ ಮಗ್ಗದಲ್ಲಿ ಎಳೆ ಎಂದೂ ಪೂರ್ತಿ ಕಡಿಯುವುದಿಲ್ಲ. ಅಂದು ಅತ್ತೆ ಕತ್ತರಿ ಹಿಡಿದು, ಎಡದಿಂದ ಬಲಕ್ಕೆ, ಬಹಳ ನಿಧಾನವಾಗಿ ಕತ್ತರಿಸಿದರು. ಎಳೆಗಳು ಸಡಿಲಾಗಿ ತೆಗ್ಗಿನೊಳಗೆ ಜಾರಿದವು. ಅರ್ಧ ನೇಯ್ದ ಸೀರೆಯನ್ನು ಸುತ್ತಿ, ಲಾಳಿ ಹಣಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ಒಳಗೆ ಒಯ್ದರು. ಮಗ್ಗದ ಕಟ್ಟಿಗೆಗಳನ್ನು ಮಹಾಂತೇಶ ಪಡಸಾಲೆಯ ಗೋಡೆಗೆ ಒರಗಿಸಿಟ್ಟ.

"ತೆಗ್ಗ ಮುಚ್ಚಾಕs ಬೇಕೇನ? ಮ್ಯಾಲ ಹಲಗಿ ಹಾಕಿದ್ರ ಸಾಲಂಗಿಲ್ಲೇನ?" ಎಂದು ಅವನು ನನ್ನನ್ನು ಕೇಳಿದ.

"ಹಸಿ ಬರ್ತೈತ್ರಿ ಕೆಳಗಿಂದ. ರ‍್ಯಾಕ್ ಅಳ್ಳಾಡಬಾರದು," ಎಂದೆ.

ಫ್ಯಾಕ್ಟರಿಯಿಂದ ಗ್ರಾನೈಟ್ ಚೂರು ತಂದು, ಸಿಮೆಂಟ್ ಕಲಸಿ, ತಾಯಿಯ ಮಗ್ಗದ ತೆಗ್ಗನ್ನು ಮಗ ಮುಚ್ಚಿದ. ಮುಚ್ಚಿಸಿದವಳು ನಾನು.

ಮುಂದಿನ ನಾಲ್ಕೂವರೆ ತಿಂಗಳು ಯಂತ್ರ ಚೆನ್ನಾಗಿಯೇ ದುಡಿಯಿತು. ನಾಣ್ಯದ ಬೆಲೆ ಬೇಸಿಗೆಯಲ್ಲೇ ಇಳಿಯತೊಡಗಿತ್ತಾದರೂ ಕರೆಂಟ್ ಬಿಲ್ಲು ಕಳೆದು ಏನಾದರೂ ಉಳಿಯುತ್ತಿತ್ತು. ಕ್ಲಾಸಿನ ಹೊತ್ತು ಬಿಟ್ಟರೆ ನಾನು ಹಗಲೆಲ್ಲ ಆ ಖೋಲಿಯಲ್ಲೇ ಇರುತ್ತಿದ್ದೆ. ಕಾದ ಧೂಳಿನ ವಾಸನೆಯಲ್ಲಿ ಕುಳಿತು ಯಾವ ಕಾರ್ಡು ಎಷ್ಟು ಬಿಸಿಯಾಯಿತು, ಯಾವ ಫ್ಯಾನು ಸಪ್ಪಳ ಮಾಡಿತು ಎಂದು ನೋಡುವುದೇ ಕೆಲಸ. ಮನೆಯಲ್ಲಿ ಬೇರೆ ಏನು ನಡೆಯುತ್ತಿದೆ ಎಂಬುದರ ಕಡೆ ಲಕ್ಷ್ಯವೇ ಇರಲಿಲ್ಲ.

ಅತ್ತೆ ಮೊದಲ ಕೆಲವು ದಿನ ಕಟ್ಟೆಯ ಮೇಲೆ ಕುಳಿತರು. ಜೋಳ ಹಸನು ಮಾಡಿದರು, ಹಸನು ಮಾಡಿದ್ದನ್ನೇ ಮತ್ತೆ ಮಾಡಿದರು. ಆಮೇಲೆ ಹಿಂದಿನ ಓಣಿಯ ಪವರ್‌ಲೂಮ್ ಶೆಡ್ಡಿಗೆ ಕಂಡಿಕಿ ಸುತ್ತಲು ಹೋಗತೊಡಗಿದರು. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಹೊಸದಾಗಿ ಕಲಿಯುವವರಿಗೆ, ಕಣ್ಣು ಮಂಜಾದ ಮುದುಕಿಯರಿಗೆ ಕೊಡುತ್ತಾರೆ. ಒಂದು ದಿನ ಅವರಿಗೆ ಬುತ್ತಿ ಕೊಡಲು ಹೋದೆ. ಯಂತ್ರಗಳ ಸಪ್ಪಳಕ್ಕೆ ಕಿವಿ ಮುಚ್ಚಿಕೊಳ್ಳಬೇಕು. ಶೆಡ್ಡಿನ ಒಡೆಯ, ನನಗಿಂತ ಸಣ್ಣವನು, "ಏ ನಾಗವ್ವಾ, ಲಗೂನ ಸುತ್ತಬೇ, ಲೂಮ್ ನಿಂತಾವ ಅಲ್ಲಿ," ಎಂದು ಕೂಗಿದ. ಅತ್ತೆ ತಲೆ ಎತ್ತದೆ, "ಆತಪಾ, ಆತು," ಎಂದರು. ನನ್ನನ್ನು ಕಂಡು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ನಾನು ಬುತ್ತಿ ಇಟ್ಟು ತಿರುಗಿ ಬಂದೆ. ಇನ್ನು ಸ್ವಲ್ಪ ದಿನ, ಹಿತ್ತಲಲ್ಲಿ ಖೋಲಿ ಕಟ್ಟಿಸುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡೆ. ಇನ್ನು ಎಷ್ಟು ದಿನ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಮಳೆಗಾಲದಲ್ಲಿ ಒಂದು ದಿನ ಪಡಸಾಲೆಯ ಗೋಡೆ ಬೋಳಾಗಿ ಕಂಡಿತು. ಮಗ್ಗದ ಕಟ್ಟಿಗೆ ಇರಲಿಲ್ಲ.

"ಅತ್ತೀ, ಮಗ್ಗ ಎಲ್ಲಿ?"

"ಕಮತಗ್ಯಾಗ ನೇಯೂ ಶಾರವ್ವಗ ಕೊಟ್ಟೆ. ಇರಚಲಕ್ಕ ತೊಯ್ಯಾಕತ್ತಿತ್ತು. ಆಕಿ ಮನ್ಯಾಗ ತೆಗ್ಗ ಖಾಲಿ ಇತ್ತು."

"ಯಾವಾಗ ಕೊಟ್ರಿ?"

"ಆಗಲೇ ಐದ ದಿನಾ ಆತಲ್ಲವಾ."

ಐದು ದಿನ ನಾನು ಆ ಗೋಡೆಯ ಮುಂದೆಯೇ ಓಡಾಡಿದ್ದೆ.

ಗಣಪತಿ ಹಬ್ಬ ಮುಗಿದು ಎರಡು ವಾರಕ್ಕೆ ಅದು ಆಯಿತು. ಮಧ್ಯಾಹ್ನ ಹನ್ನೆರಡು ದಾಟಿತ್ತು. ಪರದೆಯ ಮೇಲೆ ಒಂದೊಂದೇ ಸಾಲು ಕೆಂಪಾಗುತ್ತ ಬಂತು. ಕಾರ್ಡುಗಳು ಲೆಕ್ಕ ಮಾಡುತ್ತಿದ್ದವು, ಆದರೆ ಅದನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಅಶೋಕರು ಹೇಳಿದಂತೆ ಪದ್ಧತಿ ಬದಲಾಗಿತ್ತು. ಆರೂ ಕಾರ್ಡಿನ ಫ್ಯಾನುಗಳು ಮೊದಲಿನಂತೆಯೇ ತಿರುಗುತ್ತಿದ್ದವು. ಬೇರೆ ಎರಡು ಮೂರು ನಾಣ್ಯಗಳಿಗೆ ಹಚ್ಚಿ ನೋಡಿದೆ. ಕರೆಂಟಿನ ಖರ್ಚೂ ಹುಟ್ಟಲಿಲ್ಲ. ವಾರದ ಮೇಲೆ ನಾನೇ ಹೋಗಿ ಮೇನ್ ಸ್ವಿಚ್ ಆರಿಸಿದೆ. ಆ ಖೋಲಿ ಅಷ್ಟೊಂದು ಸುಮ್ಮನಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮೊದಲು ಅಲ್ಲಿ ಮಗ್ಗದ ಸಪ್ಪಳವಿರುತ್ತಿತ್ತು.

ಮಾರಲು ಹೋದರೆ ಎಲ್ಲರೂ ಮಾರುವವರೇ. ನವನಗರದ ಅಂಗಡಿಯವನು ಕಾರ್ಡುಗಳನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಆಗ ಮಹಾಂತೇಶ, "ಆ ಬಾದಾಮಿ ಅವರನ್ನ ಕೇಳೂಣು, ಅವರಿಗೆ ಗಿರಾಕಿ ಗೊತ್ತಿರಬೇಕು," ಎಂದು ನನ್ನ ಫೋನಿನಿಂದಲೇ ಅಶೋಕರಿಗೆ ಹಚ್ಚಿದ. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅವನ ಮಾತು ನಡುವೆ ನಿಂತದ್ದು ಕೇಳಿಸಿತು. ಫೋನು ಇಟ್ಟು ಬಾಗಿಲಲ್ಲಿ ಬಂದು ನಿಂತ.

"ಅವರು ಅವತ್ತ ಹೇಳಿದ್ರಂತಲ್ಲ ನಿನಗ."

ನನ್ನ ಕೈ ಹಿಟ್ಟಿನಲ್ಲೇ ಇತ್ತು. "ಹೌದ್ರಿ," ಎಂದೆ.

"ಎಲ್ಲಾ ಹೇಳಿದ್ರಂತ. ಮನ್ಯಾಗ ಕೇಳಿ ತಗೋರಿ ಅಂದಿದ್ರಂತ."

"ಹೌದ್ರಿ. ಮುಂದ ಹಾಕ್ತಾರ ಅಂತ ನಾ..."

"ರೊಕ್ಕ ಹೋತಂತ ಅಲ್ಲ ಸವಿತಾ. ನನ್ನ ಕೈಲೆ ಆ ತೆಗ್ಗ ಮುಚ್ಚಿಸಿದಿ." ಅವನ ದನಿ ಏರಲಿಲ್ಲ. "ಅವ್ವಗ ನೀನ ಹೇಳು. ನಾ ಹೇಳಂಗಿಲ್ಲ."

ಹೇಳಲು ನನಗೆ ಮೂರು ದಿನ ಬೇಕಾಯಿತು. ರವಿವಾರ ಶೆಡ್ಡಿಗೆ ಸೂಟಿ. ಅತ್ತೆ ಹಿತ್ತಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಹತ್ತಿರ ಕುಳಿತು ಎಲ್ಲವನ್ನೂ ಹೇಳಿದೆ. ಲಾಡ್ಜಿನ ಖೋಲಿ, ಅಶೋಕರ ಮಾತು, ಹುನಗುಂದದ ಬಸ್ ನಿಲ್ದಾಣ. ಒಂದು ವರ್ಷ ಎಂದು ನಾನು ಹೇಳಿದಾಗ ಅದು ಅಷ್ಟು ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅತ್ತೆಯ ಬಾಚಣಿಕೆ ಕೈಯಲ್ಲೇ ನಿಂತಿತು.

"ಅಂದ್ರ ನಿನಗ ಗೊತ್ತಿತ್ತು."

"ಹೌದ್ರಿ."

ಬೈದಿದ್ದರೆ ನಾನು ಅಳಬಹುದಿತ್ತು. ಅವರು ಬಾಚಣಿಕೆಯ ಹಲ್ಲಿನಲ್ಲಿ ಸಿಕ್ಕ ಕೂದಲನ್ನು ಬಿಡಿಸಿಕೊಳ್ಳುತ್ತ ಹೇಳಿದರು.

"ಹೇಳಿದ್ರೂ ಕೊಡ್ತಿದ್ನೆವಾ ನಾ. ನಾಕ ತಿಂಗಳs ಅಂದಿದ್ರೂ ಕೊಡ್ತಿದ್ದೆ. ಆದ್ರ ಆ ಎರಡ ಸೀರಿ ಮುಗಿಸಿ ಕೊಡ್ತಿದ್ದೆ."

ನೆಲ ಒಡೆಸುತ್ತೇನೆ, ಮಗ್ಗ ತಿರುಗಿ ತರುತ್ತೇನೆ ಎಂದು ಹಟ ಹಿಡಿದೆ. ಅತ್ತೆ ಬೇಡವೆಂದರು. ನಾನು ಕೇಳಲಿಲ್ಲ. ಕೊನೆಗೆ ಸಿಕ್ಕ ಬೆಲೆಗೆ ಕಾರ್ಡು ಮಾರಿ ಬಂದ ಅಷ್ಟಿಷ್ಟು ಹಣದಲ್ಲಿ ಶಾರವ್ವನಿಗೆ ಬೇರೆ ಮಗ್ಗ ಕೊಡಿಸೋಣ ಎಂದು ಲೆಕ್ಕ ಹಾಕಿದೆ. ದೀಪಾವಳಿ ಆದ ಮೇಲೆ ಒಂದು ದಿನ ಇಬ್ಬರೂ ಕಮತಗಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಿಂದ ಕಡಲೆಯ ಹೊಲಗಳನ್ನು ನೋಡುತ್ತಿದ್ದರು.

ಶಾರವ್ವ ನಲವತ್ತರ ಹೆಂಗಸು. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಬೇರೆಯವರ ಮನೆಯಲ್ಲಿ ಕೂಲಿಗೆ ನೇಯ್ದವಳು. ನಾವು ಹೋದಾಗ ಅತ್ತೆಯ ಮಗ್ಗದ ಮೇಲೆ ಹಸಿರು ಒಡಲಿನ ಸೀರೆ ಅರ್ಧ ಆಗಿತ್ತು. ನಮ್ಮನ್ನು ಕಂಡು ಮಗ್ಗದಿಂದ ಜಿಗಿದು ಎದ್ದಳು.

"ನಾಗಕ್ಕಾ, ಬಾ ಬಾ. ನಿನ್ನ ಮಗ್ಗದ ಕೈಗುಣಾ ಭಾಳ ಚಲೋ ಐತಿ ನೋಡು. ಇದ ಬಂದ ಮ್ಯಾಲ ನಾ ಮಂದಿ ಮನಿಗೆ ಹೋಗೂದ ಬಿಟ್ಟೆ."

ಬಂದ ಕಾರಣ ಹೇಳಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈಯನ್ನು ಹಿಡಿದು ಒತ್ತಿದರು. ಅಷ್ಟೇ. ನಾನು ಬಾಯಿ ಮುಚ್ಚಿದೆ.

ಶಾರವ್ವ ಚಹಾ ಮಾಡಲು ಒಳಗೆ ಹೋದಳು. ಅತ್ತೆ ಮಗ್ಗದ ಹತ್ತಿರ ಹೋಗಿ ನೇಯ್ಗೆಯ ಮೇಲೆ ಅಂಗೈ ಆಡಿಸಿದರು. "ಕೊಂಡಿ ಸಡ್ಲ ಬಿದ್ದಾವಬೇ ಶಾರಿ," ಎಂದು ಅಲ್ಲಿಂದಲೇ ಕೂಗಿದರು.

"ನನಗೆಲ್ಲಿ ಬರ್ತೈತಿ ನಿನ್ನಂಗ? ಮುಂದಿನ ಸೀರಿ ಸೆರಗಿನ ಎಳಿ ಬಂದಾವ ನೋಡು, ಕೊಂಡಿ ನೀನ ಹಾಕಿ ಕೊಡು."

ಅತ್ತೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕುಳಿತು, ಕಾಲನ್ನು ತೆಗ್ಗಿನೊಳಗೆ ಬಿಟ್ಟರು. ಕೆಂಪು ರೇಷ್ಮೆಯ ಎಳೆಗಳನ್ನು ಬೆರಳಿಗೆ ತೆಗೆದುಕೊಂಡರು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ. ಏಳು ತಿಂಗಳಾಗಿದ್ದರೂ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಶಾರವ್ವ ಏನೋ ಹೇಳಿದಳು, ಅತ್ತೆ ಜೋರಾಗಿ ನಕ್ಕರು, ಕೈ ನಿಲ್ಲಲಿಲ್ಲ. ಆ ನಗುವನ್ನು ನಮ್ಮ ಮನೆಯಲ್ಲಿ ಯಾವಾಗ ಕೊನೆಯ ಸಲ ಕೇಳಿದೆನೆಂದು ನೆನಪು ಮಾಡಿಕೊಳ್ಳಲು ನೋಡಿದೆ.

ನಾಲ್ಕೂವರೆಗೆ ಬಸ್ಸಿನ ಹೊತ್ತಾಯಿತು. "ಅತ್ತೀ, ಹೋಗೂಣೇನ್ರಿ?" ಎಂದೆ.

"ನೀ ಹೋಗಿರವಾ," ಎಂದರು ತಿರುಗಿ ನೋಡದೆ. "ನಾ ನಾಳೆ ಬರ್ತೇನಿ."

ಒಬ್ಬಳೇ ಬಸ್ಸು ಹತ್ತಿದೆ.

ನಾಳೆ ಎಂದವರು ಬಂದದ್ದು ಒಂಬತ್ತನೆಯ ದಿನ. ಮಧ್ಯಾಹ್ನ ಬಂದು ಚೀಲ ಕೆಳಗಿಟ್ಟು, ನಾನು ಕೊಟ್ಟ ನೀರನ್ನು ಒಂದೇ ಸಲಕ್ಕೆ ಕುಡಿದರು. ಬೆರಳ ತುದಿಗಳಿಗೆ ರೇಷ್ಮೆಯ ಕೆಂಪು ಹತ್ತಿತ್ತು.

"ಒಂದ ಸೀರಿ ಮುಗಿಸೇ ಬಂದ್ನೆವಾ," ಎಂದರು.

"ಚಲೋ ಆತ್ರಿ ಅತ್ತಿ," ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಬುತ್ತಿ ಕಟ್ಟಿಕೊಂಡು ಕಂಡಿಕಿ ಸುತ್ತಲು ಶೆಡ್ಡಿಗೆ ಹೊರಟರು. ನಾನು ಬಾಗಿಲ ತನಕ ಹೋಗಿ, ಅವರು ಓಣಿ ತಿರುಗುವವರೆಗೆ ನಿಂತಿದ್ದೆ.